ಎಂಟನೇ ತರಗತಿಯಲ್ಲಿ ನೀಟ್ ಪಾಠ ಏಕೆ ಬೇಡ

ಫಲಿತಾಂಶಗಳ ಕಾಲದಲ್ಲಿ ಕರ್ನಾಟಕದ ಯಾವ ಊರಿನ ಬಸ್ ನಿಲ್ದಾಣದ ಎದುರು ನಿಂತರೂ ಒಂದೇ ಬಗೆಯ ಫ್ಲೆಕ್ಸ್ ಕಾಣುತ್ತದೆ. ಮೇಲೆ ನೀಟ್, ಜೆಇಇ, ಸಿಇಟಿಯಲ್ಲಿ ರ್‍ಯಾಂಕ್ ಪಡೆದ ಮಕ್ಕಳ ಭಾವಚಿತ್ರಗಳು. ಕೆಳಗೆ, 8, 9, 10ನೇ ತರಗತಿಯ ಫೌಂಡೇಶನ್ ಕೋರ್ಸಿಗೆ ಪ್ರವೇಶ ಆರಂಭವಾಗಿದೆ ಎಂಬ ಒಕ್ಕಣೆ. ಕೆಲವು ಕಡೆ ಅದು ಆರನೇ ತರಗತಿಗೂ ಇಳಿದಿದೆ. ಮೇಲಿನ ಭಾವಚಿತ್ರವನ್ನೂ ಕೆಳಗಿನ ಒಕ್ಕಣೆಯನ್ನೂ ಒಂದಕ್ಕೊಂದು ಜೋಡಿಸುವುದು ಒಂದು ನಂಬಿಕೆ: ಮೆಡಿಕಲ್ ಅಥವಾ ಎಂಜಿನಿಯರಿಂಗ್ ಸೀಟು ಬೇಕಿದ್ದರೆ ಹೈಸ್ಕೂಲಿಗೆ ಕಾಲಿಟ್ಟ ದಿನದಿಂದಲೇ ತಯಾರಿ ನಡೆಯಬೇಕು, ಪಿಯುಸಿಗೆ ಬಂದ ಮೇಲೆ ಶುರು ಮಾಡಿದವರು ಆಗಲೇ ಹಿಂದೆ ಬಿದ್ದಿರುತ್ತಾರೆ. ಇದು ಈಗ ಜಾಹೀರಾತಿನ ಮಾತಾಗಿಯಷ್ಟೇ ಉಳಿದಿಲ್ಲ. ಮದುವೆಮನೆಯಲ್ಲಿ ಸಿಕ್ಕ ನೆಂಟರು, ಆಫೀಸಿನ ಸಹೋದ್ಯೋಗಿಗಳು, ಎಷ್ಟೋ ಸಲ ಹೈಸ್ಕೂಲಿನ ಮೇಷ್ಟ್ರುಗಳೇ ಇದನ್ನು ಯಾರೂ ಪ್ರಶ್ನಿಸಲಾರದ ಸತ್ಯವೆಂಬಂತೆ ಹೇಳುತ್ತಾರೆ. ಇದು ಸತ್ಯವಲ್ಲ ಎಂಬುದು ನನ್ನ ವಾದ. ಸೀಟಿನ ಲೆಕ್ಕದಲ್ಲೇ ಇದು ಸುಳ್ಳು. ಕಲಿಕೆಯ ಲೆಕ್ಕದಲ್ಲಿ ಹಾನಿ. ಮತ್ತು ಆ ಹಾನಿ ಸೀಟು ಸಿಗದ ಮಕ್ಕಳಿಗೆ ಮಾತ್ರವಲ್ಲ, ಸಿಕ್ಕವರಿಗೂ ತಟ್ಟುತ್ತದೆ.

ಮೊದಲು ಸೀಟಿನ ಲೆಕ್ಕ. 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ತುಸು ಹೆಚ್ಚು, ಅದರಲ್ಲಿ ಕಡಿಮೆ ಶುಲ್ಕದ ಸರ್ಕಾರಿ ಸೀಟುಗಳು ಹೆಚ್ಚುಕಡಿಮೆ ಅರ್ಧ. ಅದೇ ವರ್ಷ ಐಐಟಿಗಳ ಒಟ್ಟು ಸೀಟು 18 ಸಾವಿರಕ್ಕಿಂತ ಕಡಿಮೆ. ಜೆಇಇ ಮೇನ್ ಬರೆದವರು 14 ಲಕ್ಷ ದಾಟಿದ್ದರು. ಈ ಪರೀಕ್ಷೆಗಳಲ್ಲಿ ಒಂದು ಮಗು ಎಷ್ಟು ಕಲಿತಿದೆ ಎಂಬುದಕ್ಕಿಂತ, ಉಳಿದವರಿಗಿಂತ ಎಷ್ಟು ಮುಂದಿದೆ ಎಂಬುದೇ ಸೀಟನ್ನು ನಿರ್ಧರಿಸುತ್ತದೆ. ಹೀಗಿರುವಾಗ ಎಲ್ಲರೂ ಎರಡು ವರ್ಷದ ಬದಲು ಐದು ವರ್ಷ ತಯಾರಿ ನಡೆಸಿದರೆ ಆಗುವುದೇನು? ನ್ಯಾಯಬೆಲೆ ಅಂಗಡಿಯ ಮುಂದೆ ಊರಿನವರೆಲ್ಲ ಬೆಳಗಿನ ಜಾವ ನಾಲ್ಕಕ್ಕೇ ಸಾಲು ಹಚ್ಚಿದರೆ ಅಂಗಡಿಗೆ ಬರುವ ಅಕ್ಕಿ ಒಂದು ಸೇರೂ ಹೆಚ್ಚುವುದಿಲ್ಲ, ಎಲ್ಲರ ನಿದ್ದೆ ಮಾತ್ರ ಕೆಡುತ್ತದೆ. ನೀಟ್‌ನ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ನಿಚ್ಚಳವಾಗುತ್ತದೆ. 2024ರ ಜೂನ್‌ನಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಮಂದಿ. ಕೆಲವರಿಗೆ ಕೊಟ್ಟಿದ್ದ ಕೃಪಾಂಕ ತೆಗೆದು, ಉತ್ತರಗಳನ್ನು ಪರಿಷ್ಕರಿಸಿದ ಮೇಲೆ ಆ ಸಂಖ್ಯೆ ಇಳಿಯಿತಾದರೂ ಅಂಕಗಳ ಉಬ್ಬರ ಇಳಿಯಲಿಲ್ಲ. ಹಿಂದಿನ ವರ್ಷ ಸರ್ಕಾರಿ ಸೀಟು ತರುತ್ತಿದ್ದ ಅಂಕ ಆ ವರ್ಷ ಎಷ್ಟೋ ಮಕ್ಕಳಿಗೆ ಏನನ್ನೂ ತರಲಿಲ್ಲ. 2025ರಲ್ಲಿ ಪ್ರಶ್ನೆಪತ್ರಿಕೆ ಬಿಗಿಯಾಯಿತು, ದೇಶಕ್ಕೇ ಮೊದಲು ಬಂದ ವಿದ್ಯಾರ್ಥಿಯ ಅಂಕವೇ 686. ಅಂಕ ಏರಿತೆಂದು ಸೀಟು ಏರಲಿಲ್ಲ, ಇಳಿಯಿತೆಂದು ಸೀಟು ಇಳಿಯಲಿಲ್ಲ. ಮಕ್ಕಳ ಶ್ರಮ ಹೆಚ್ಚಿದರೆ ಏರುವುದು ಕಟ್ ಆಫ್ ಮಾತ್ರ. ಎಂಟನೇ ತರಗತಿಯ ಕೋರ್ಸು ಮಾರುವವರು ಈ ಏರಿದ ಕಟ್ ಆಫನ್ನೇ ತೋರಿಸಿ ಮುಂದಿನ ವರ್ಷದ ತಂದೆತಾಯಿಯರನ್ನು ಹೆದರಿಸುತ್ತಾರೆ.

ಎಲ್ಲರೂ ಓಡುತ್ತಿರುವಾಗ ನನ್ನ ಮಗು ಮಾತ್ರ ನಿಂತರೆ ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದು ಸಣ್ಣ ಆಕ್ಷೇಪವಲ್ಲ. ಉಳಿದೆಲ್ಲ ಆಕ್ಷೇಪಗಳಿಗಿಂತ ಗಟ್ಟಿಯಾದದ್ದು. ಆದರೆ ಹೈಸ್ಕೂಲಿನಿಂದಲೇ ತಯಾರಾದ ಮಗುವಿಗೆ ಮುನ್ನಡೆ ಸಿಕ್ಕೇ ಸಿಗುತ್ತದೆ ಎಂಬುದನ್ನು ಅದು ಪರೀಕ್ಷಿಸದೆ ಒಪ್ಪಿಕೊಂಡಿದೆ. ಇದಕ್ಕೆ ಆಧಾರವೇನು? ಫ್ಲೆಕ್ಸಿನ ಮೇಲಿನ ಭಾವಚಿತ್ರಗಳು. ಅಲ್ಲಿ ಹತ್ತು ಮಕ್ಕಳಿದ್ದಾರೆ. ಅದೇ ಸಂಸ್ಥೆಯಲ್ಲಿ ಅದೇ ಮೂರು ವರ್ಷ ಫೌಂಡೇಶನ್ ಓದಿ ಯಾವ ರ್‍ಯಾಂಕೂ ಬಾರದ ನೂರಾರು ಮಕ್ಕಳ ಚಿತ್ರ ಅಲ್ಲಿಲ್ಲ. ಆ ಹತ್ತು ಮಕ್ಕಳಲ್ಲೂ ಎಷ್ಟು ಜನ ಎಂಟನೇ ತರಗತಿಯಿಂದ ಅಲ್ಲೇ ಇದ್ದವರು, ಎಷ್ಟು ಜನ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 610 ದಾಟಿದ ಮೇಲೆ ಶುಲ್ಕ ರಿಯಾಯಿತಿ ಕೊಟ್ಟು ಕರೆತಂದವರು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಯಾರ ಓದು ಯಾವ ಕೋರ್ಸಿನಲ್ಲಿ ನಡೆಯಿತು ಎಂಬುದನ್ನು ಮುಚ್ಚಿಟ್ಟು ಯಶಸ್ಸನ್ನು ತಮ್ಮದೆಂದು ಹೇಳಿಕೊಳ್ಳುವ ಚಾಳಿ ಎಷ್ಟು ಬೆಳೆದಿದೆಯೆಂದರೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಬೇಕಾಯಿತು.

ಪರೀಕ್ಷೆಯ ಸ್ವರೂಪವೂ ಈ ನಂಬಿಕೆಯ ವಿರುದ್ಧವೇ ಸಾಕ್ಷಿ ಹೇಳುತ್ತದೆ. ನೀಟ್ ಆಗಲಿ, ಜೆಇಇ ಆಗಲಿ, ನಮ್ಮ ಸಿಇಟಿ ಆಗಲಿ, ಮೂರರ ಪಠ್ಯವೂ ಹನ್ನೊಂದು ಮತ್ತು ಹನ್ನೆರಡನೇ ತರಗತಿಯದು, ಅಂದರೆ ಪಿಯುಸಿಯ ಎರಡು ವರ್ಷದ್ದು. ಎಂಜಿನಿಯರಿಂಗ್ ಸಿಇಟಿಯ ರ್‍ಯಾಂಕಿನಲ್ಲಿ ಅರ್ಧ ತೂಕ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೇ ಇದೆ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆ ಬಂದಾಗ ಎಷ್ಟು ದೊಡ್ಡ ಗಲಾಟೆಯಾಯಿತು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು ಎಂಬುದನ್ನು ನೆನಪಿಸಿಕೊಳ್ಳಿ. ಪಠ್ಯದ ಗಡಿ ಅಷ್ಟು ಖಚಿತವಾದದ್ದು. ಎರಡು ವರ್ಷದಲ್ಲಿ ಮುಗಿಸಲೆಂದು ರೂಪಿಸಿದ ಪಠ್ಯಕ್ಕೆ ಮೇಲೆ ಮೂರು ವರ್ಷ ಸೇರಿಸಿದರೆ ಆ ಮೂರರಲ್ಲಿ ಹೊಸದೇನೂ ಇರಲು ಸಾಧ್ಯವಿಲ್ಲ. ಇನ್ನು ಹೆಚ್ಚುವರಿ ಕಾಲ ನಿಜವಾಗಿ ಕೆಲಸ ಮಾಡುವುದು ಎಲ್ಲಿ ಎಂದರೆ, ಹನ್ನೆರಡನೇ ತರಗತಿಯ ಆಚೆ. ನೀಟ್‌ನ ಪರಿಣಾಮ ಅಧ್ಯಯನ ಮಾಡಲು 2021ರಲ್ಲಿ ತಮಿಳುನಾಡು ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ, ಅಲ್ಲಿ ಎಂಬಿಬಿಎಸ್ ಸೇರಿದವರಲ್ಲಿ ಬಹುಪಾಲು ಮಕ್ಕಳು ಎರಡನೆಯ ಅಥವಾ ಮೂರನೆಯ ಸಲ ಪರೀಕ್ಷೆ ಬರೆದವರೆಂದು ಕಂಡುಕೊಂಡಿತು. ನಮ್ಮಲ್ಲೂ ಮರುಪ್ರಯತ್ನದ ‘ಲಾಂಗ್ ಟರ್ಮ್’ ಬ್ಯಾಚುಗಳು ತುಂಬಿ ತುಳುಕುತ್ತವೆ. ಅಲ್ಲಿಗೆ ಮತ್ತೆ ಹೋಗಿ ಕೂರುವವರಲ್ಲಿ ಹೈಸ್ಕೂಲಿನಿಂದಲೇ ಫೌಂಡೇಶನ್ ಓದಿದವರೂ ಇದ್ದಾರೆ. ಮರುಪ್ರಯತ್ನವನ್ನು ನಾನು ಶಿಫಾರಸು ಮಾಡುತ್ತಿಲ್ಲ. ಆದರೆ ಹದಿನೆಂಟರ ಹರೆಯದಲ್ಲಿ, ತನಗೆ ಬೇಕಾದದ್ದೇನೆಂದು ತಿಳಿದು ಓದಿದ ಒಂದು ವರ್ಷ ಕೊಡುವುದನ್ನು ಹದಿಮೂರರ ಮೂರು ವರ್ಷ ಕೊಡುವುದಿಲ್ಲ ಎಂಬುದನ್ನು ಈ ವ್ಯವಸ್ಥೆಯೇ ಒಪ್ಪಿಕೊಂಡು ನಡೆಯುತ್ತಿದೆ.

ಆ ಮೂರು ವರ್ಷ ಏಕೆ ಕೊಡುವುದಿಲ್ಲ ಎಂಬುದು ತಿಳಿಯಬೇಕಾದರೆ ಫೌಂಡೇಶನ್ ತರಗತಿಯೊಳಗೆ ನಡೆಯುವ ಪಾಠವನ್ನು ನೋಡಬೇಕು. ಓರೆಯಾಗಿ ಎಸೆದ ಕಲ್ಲು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬ ಲೆಕ್ಕವನ್ನೇ ತೆಗೆದುಕೊಳ್ಳಿ. ಪ್ರಥಮ ಪಿಯುಸಿಯ ಭೌತಶಾಸ್ತ್ರದ ಪಾಠವಿದು, ಪ್ರವೇಶ ಪರೀಕ್ಷೆಗಳಿಗೆ ಬಲು ಪ್ರಿಯವಾದದ್ದು. ಅದರ ಸೂತ್ರದಲ್ಲಿ ಇಮ್ಮಡಿ ಕೋನದ ಸೈನ್ ಬರುತ್ತದೆ. ಸೈನ್ ಎಂದರೇನೆಂದು ಮಗುವಿಗೆ ಶಾಲೆಯಲ್ಲಿ ತಿಳಿಯುವುದು ಹತ್ತನೇ ತರಗತಿಯಲ್ಲಿ. ಇಮ್ಮಡಿ ಕೋನದ ನಿತ್ಯಸಮೀಕರಣ ಬರುವುದು ಪಿಯುಸಿ ಗಣಿತದಲ್ಲಿ. ವೇಗವನ್ನು ಎರಡು ದಿಕ್ಕಿಗೆ ಬಿಡಿಸಿ ನೋಡುವ ಸದಿಶಗಳೂ ಅಲ್ಲೇ. ಒಂಬತ್ತನೇ ತರಗತಿಯ ಫೌಂಡೇಶನ್ ಪುಸ್ತಕದಲ್ಲಿ ಈ ಪಾಠ ಬಂದರೆ ಇವ್ಯಾವುವೂ ಕೈಯಲ್ಲಿಲ್ಲದ ಮಗು ಏನು ಮಾಡಬೇಕು? ಸೂತ್ರವನ್ನು ಉರು ಹೊಡೆಯುತ್ತದೆ, 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಎಂಬುದನ್ನೂ ಉರು ಹೊಡೆಯುತ್ತದೆ, ವಾರದ ಟೆಸ್ಟಿನಲ್ಲಿ ಒಎಂಆರ್ ಹಾಳೆಯ ಸರಿಯಾದ ಗುಂಡಿಗೆ ಕಪ್ಪು ಬಳಿಯುತ್ತದೆ. ಅಂಕ ಬರುತ್ತದೆ, ಅಪ್ಪ ಅಮ್ಮನ ಮೊಬೈಲಿಗೆ ಅದರ ಸಂದೇಶವೂ ಹೋಗುತ್ತದೆ. 45 ಡಿಗ್ರಿಯೇ ಏಕೆ ಎಂಬ ಪ್ರಶ್ನೆ ಮಾತ್ರ ಆ ಮಗುವಿನ ತಲೆಯಲ್ಲಿ ಹುಟ್ಟುವುದೇ ಇಲ್ಲ, ಹುಟ್ಟಿದರೂ ಉತ್ತರಿಸಲು ಬೇಕಾದ ಗಣಿತ ಅದಕ್ಕೆ ಬಂದಿಲ್ಲ. ಎರಡು ವರ್ಷ ಕಳೆದು ಪಿಯುಸಿಯ ಉಪನ್ಯಾಸಕರು ಅದೇ ಸೂತ್ರವನ್ನು ಬುಡದಿಂದ ಕಟ್ಟಿ ತೋರಿಸುವ ಹೊತ್ತಿಗೆ ಮಗು ಕಿವಿ ಮುಚ್ಚಿಕೊಂಡಿರುತ್ತದೆ. ಇದು ನನಗೆ ಗೊತ್ತು ಎಂಬ ಭಾವನೆ ಅದಕ್ಕೆ ಬಂದುಬಿಟ್ಟಿದೆ. ತಿಳಿಯಲು ಸಿಗುತ್ತಿದ್ದ ಮೊದಲ ಅವಕಾಶವೇ ಹೀಗೆ ಕೈತಪ್ಪುತ್ತದೆ. ಬೇಗ ಕಲಿಸಿದ್ದರಿಂದ ಆದ ನಷ್ಟ ಇದು, ಮತ್ತು ಅತ್ಯುತ್ತಮ ಮೇಷ್ಟ್ರೇ ಫೌಂಡೇಶನ್ ಪಾಠ ಮಾಡಿದರೂ ತಪ್ಪದ ನಷ್ಟ, ಏಕೆಂದರೆ ಕೊರತೆ ಇರುವುದು ಮೇಷ್ಟ್ರಲ್ಲಲ್ಲ, ಪಾಠದ ಕ್ರಮದಲ್ಲಿ. ರಸಾಯನಶಾಸ್ತ್ರದ ಮೋಲ್ ಲೆಕ್ಕಗಳ ಕಥೆಯೂ ಬೇರೆಯಲ್ಲ. ಅನುಪಾತ ಗಟ್ಟಿಯಾಗಿರುವ ಮಗುವಿಗೆ ಅದು ಕೆಲವೇ ದಿನಗಳ ಪಾಠ. ಅನುಪಾತವೇ ಅಲುಗಾಡುತ್ತಿರುವ ಮಗುವಿಗೆ ಮೂರು ವರ್ಷ ಸೂತ್ರ ಬರೆಸಿದರೂ ಅದು ಹತ್ತುವುದಿಲ್ಲ. ಹೈಸ್ಕೂಲಿನ ಬೀಜಗಣಿತ, ರೇಖಾಗಣಿತ, ಅನುಪಾತಗಳನ್ನು ನಿಧಾನವಾಗಿ, ತಪ್ಪು ಮಾಡಲು ಬಿಟ್ಟು, ಕಾರಣ ಕೇಳಿ ಕಲಿಸುವುದೇ ಮುಂದಿನ ಪರೀಕ್ಷೆಗೂ ನಿಜವಾದ ತಯಾರಿ. ಫೌಂಡೇಶನ್ ಕೋರ್ಸು ಆ ಕೆಲಸಕ್ಕೆ ಮೀಸಲಾದ ಹೊತ್ತನ್ನೇ ಕಿತ್ತುಕೊಳ್ಳುತ್ತದೆ.

ಕಿತ್ತುಕೊಳ್ಳುವುದು ಗಣಿತದ ಹೊತ್ತನ್ನಷ್ಟೇ ಅಲ್ಲ. ವಾರದ ಗಂಟೆಗಳು ಎಲ್ಲ ಶಾಲೆಗಳಿಗೂ ಅಷ್ಟೇ. ದಿನಕ್ಕೆರಡು ಪಿರಿಯಡ್ ಫೌಂಡೇಶನ್ ಸೇರಿಸಬೇಕಾದರೆ ಬೇರೆ ಏನನ್ನೋ ತೆಗೆಯಬೇಕು. ತೆಗೆಯುವುದು ಯಾವಾಗಲೂ ಒಂದೇ ಪಟ್ಟಿಯಿಂದ: ಆಟ, ಚಿತ್ರಕಲೆ, ಸಂಗೀತ, ಗ್ರಂಥಾಲಯ, ಪ್ರಯೋಗಶಾಲೆ. ಉಳಿಸಿಕೊಂಡ ವಿಷಯಗಳೂ ಟೊಳ್ಳಾಗುತ್ತವೆ. ಸಮಾಜ ವಿಜ್ಞಾನವನ್ನು ಎಸ್ಸೆಸ್ಸೆಲ್ಸಿಗೆ ಮೂರು ತಿಂಗಳಿರುವಾಗ ನೋಟ್ಸಿನಿಂದ ಓದಿಸಿದರಾಯಿತು ಎಂದು ಬಿಟ್ಟುಬಿಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕದ ಪ್ರಥಮ ಭಾಷೆಯ ಆಯ್ಕೆಯನ್ನಂತೂ ಎಷ್ಟೋ ಕಡೆ ಅಂಕದ ಮೇಲೆಯೇ ತೀರ್ಮಾನಿಸಲಾಗುತ್ತದೆ. ಕನ್ನಡವೇ ಮನೆಮಾತಾದ ಮಕ್ಕಳು ಹೆಚ್ಚು ಅಂಕ ಸುಲಭವೆಂಬ ಒಂದೇ ಕಾರಣಕ್ಕೆ ಸಂಸ್ಕೃತ ತೆಗೆದುಕೊಳ್ಳುತ್ತಾರೆ, ಮತ್ತು ಆ ಸಂಸ್ಕೃತವನ್ನೂ ಒಂದು ಶ್ಲೋಕವನ್ನು ಸವಿಯುವಷ್ಟು ಕಲಿಯುವುದಿಲ್ಲ. ಹದಿಮೂರರಿಂದ ಹದಿನಾರರವರೆಗಿನ ವಯಸ್ಸು ಎಂಥದೆಂದರೆ, ಒಂದು ಕಾದಂಬರಿ ಕೈಗೆ ಸಿಕ್ಕರೆ ರಾತ್ರಿಯಿಡೀ ಓದಿ ಮುಗಿಸುವ ವಯಸ್ಸು. ಊರಿನ ಕೆರೆ ಯಾರು ಕಟ್ಟಿಸಿದರು, ಅದೇಕೆ ಬತ್ತಿತು ಎಂದು ಹುಡುಕಿಕೊಂಡು ಹೋಗಬಲ್ಲ ವಯಸ್ಸು. ದೊಡ್ಡವರ ಮಾತನ್ನು ಮೊದಲ ಬಾರಿಗೆ ಒಪ್ಪದೆ ವಾದಿಸುವ ವಯಸ್ಸು. ತನಗೆ ಜೀವಶಾಸ್ತ್ರ ಇಷ್ಟವೋ, ಇತಿಹಾಸ ಇಷ್ಟವೋ, ಯಂತ್ರ ಬಿಚ್ಚಿ ಜೋಡಿಸುವುದು ಇಷ್ಟವೋ ಎಂದು ಮಗುವಿಗೆ ಗೊತ್ತಾಗಬೇಕಾದದ್ದೂ ಆಗಲೇ. ಎಂಟನೇ ತರಗತಿಗೆ ನೀಟ್ ಬ್ಯಾಚಿಗೋ ಜೆಇಇ ಬ್ಯಾಚಿಗೋ ಸೇರಿಸಿದಾಗ ಆ ಪ್ರಶ್ನೆಗೆ ಮಗು ಉತ್ತರ ಹುಡುಕುವ ಮೊದಲೇ ಮನೆಯವರು ಉತ್ತರ ಬರೆದುಕೊಟ್ಟಂತಾಯಿತು. ವೈದ್ಯೆಯಾಗುವ ಹುಡುಗಿಗೆ ಇತಿಹಾಸ ಏಕೆ, ಕನ್ನಡ ಏಕೆ ಎಂದು ಕೇಳುವವರಿದ್ದಾರೆ. ಆಕೆ ನಾಳೆ ಕೂರುವುದು ರಾಯಚೂರಿನ ಅಥವಾ ಚಾಮರಾಜನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಎದುರಿಗೆ ಬಂದು ಕೂತ ಮುದುಕಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ, ತನ್ನೂರಿನ ಕನ್ನಡದಲ್ಲಿ. ಅದನ್ನು ಕೇಳಿಸಿಕೊಳ್ಳುವ ಶಕ್ತಿ ಅಂಗರಚನಾಶಾಸ್ತ್ರದಷ್ಟೇ ವೈದ್ಯವೃತ್ತಿಗೆ ಬೇಕು.

ವಿದ್ಯಾರ್ಥಿಗಳ ಆತ್ಮಹತ್ಯೆಯ ಸುದ್ದಿಗಳನ್ನು ಮುಂದಿಟ್ಟು ಈ ವಾದವನ್ನು ಗೆಲ್ಲಲು ಹೊರಡಬಹುದಿತ್ತು. ಕೋಚಿಂಗ್ ನಗರಿ ಕೋಟಾದ ಹೆಸರೊಂದೇ ಸಾಕಿತ್ತು. ನಾನು ಹಾಗೆ ಮಾಡುವುದಿಲ್ಲ. ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ, ಅವನ್ನೆಲ್ಲ ಒಂದೇ ವಾದಕ್ಕೆ ಒಗ್ಗಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಮೇಲಾಗಿ, ದುರಂತವನ್ನೇ ಅಳತೆಗೋಲು ಮಾಡಿಕೊಂಡರೆ ದುರಂತ ನಡೆಯದ ಮನೆಯವರೆಲ್ಲ ತಮ್ಮ ಮಗು ಸರಿಯಾಗಿದೆ ಎಂದು ನಿಶ್ಚಿಂತರಾಗುತ್ತಾರೆ. ನಾನು ಹೇಳುತ್ತಿರುವ ನಷ್ಟ ಆ ಮನೆಗಳಲ್ಲೂ ಆಗುತ್ತಿದೆ.

ಶಾಲೆಗಳಲ್ಲಿ ಪಾಠವೇ ನಡೆಯುವುದಿಲ್ಲ, ಆ ಕೊರತೆಯನ್ನು ಕೋಚಿಂಗ್ ತುಂಬುತ್ತಿದೆ ಎಂಬುದು ಮತ್ತೊಂದು ಆಕ್ಷೇಪ. ಇದರ ಮೊದಲರ್ಧ ನಿಜ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ನಡುವೆ ನಡೆಸಿದ 2023ರ ಅಸರ್ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರಲಿಲ್ಲ. ನಾಲ್ವರಲ್ಲಿ ಒಬ್ಬರಿಗೆ ತಮ್ಮದೇ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲಾಗಲಿಲ್ಲ. ಆದರೆ ಭಾಗಾಕಾರ ಬಾರದ ಮಗುವಿಗೆ ಬೇಕಾದದ್ದು ಭಾಗಾಕಾರ. ಫೌಂಡೇಶನ್ ಕೋರ್ಸು ಅದನ್ನು ಕಲಿಸುವುದಿಲ್ಲ. ಅದು ಆ ಮಗುವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದು ಆರಿಸಿಕೊಳ್ಳುವುದು ಈಗಾಗಲೇ ಚೆನ್ನಾಗಿ ಓದುವ, ಶುಲ್ಕ ಕಟ್ಟಬಲ್ಲ ಮನೆಯ ಮಗುವನ್ನು. ಅಂದಮೇಲೆ ಅದು ಯಾವ ಕೊರತೆಯನ್ನು ತುಂಬಿತು? ಅಷ್ಟೇ ಅಲ್ಲ, ಒಳ್ಳೆಯ ವಿಜ್ಞಾನ, ಗಣಿತ ಶಿಕ್ಷಕರನ್ನು ಹೆಚ್ಚು ಸಂಬಳ ಕೊಟ್ಟು ಸೆಳೆದುಕೊಂಡು ಸಾಮಾನ್ಯ ಶಾಲೆಯ ಕೊರತೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಬಡ ಮಗುವಿಗೂ ಇದೇ ಏಣಿ ಎನ್ನುವವರು ಪಟ್ನಾದ ಸೂಪರ್ 30ರ ಹೆಸರು ಹೇಳುತ್ತಾರೆ. 2002ರಲ್ಲಿ ಆನಂದ್ ಕುಮಾರ್ ಶುರು ಮಾಡಿದ ಆ ಪ್ರಯೋಗ ಮೂವತ್ತು ಬಡ ಮಕ್ಕಳಿಗೆ ಊಟ, ವಸತಿ, ಪಾಠ ಕೊಟ್ಟು ಐಐಟಿಗೆ ತಯಾರು ಮಾಡಿದ್ದು ಒಂದು ವರ್ಷ. ಐದು ವರ್ಷವಲ್ಲ. ಬಡ ಮಗುವನ್ನು ಹಿಂದಕ್ಕೆ ತಳ್ಳುವುದೇ ಈ ಅವಧಿಯ ಹಿಗ್ಗುವಿಕೆ. ಎರಡು ವರ್ಷದ ಶುಲ್ಕವನ್ನು ಸಾಲ ಮಾಡಿಯಾದರೂ ಹೊಂದಿಸುವ ರೈತನ ಮನೆಗೆ ಐದು ವರ್ಷದ್ದು ಹೊಂದಿಸಲಾಗದು. ರಾಜನ್ ಸಮಿತಿ ಕಂಡ ಇನ್ನೊಂದು ಸಂಗತಿ ಇಲ್ಲಿ ನಮಗೆ ಮುಖ್ಯ: ನೀಟ್ ಬಂದ ಮೇಲೆ ತಮಿಳು ಮಾಧ್ಯಮದಲ್ಲಿ ಓದಿ ಎಂಬಿಬಿಎಸ್ ಸೇರುವ ಮಕ್ಕಳ ಪಾಲು ಪಾತಾಳಕ್ಕಿಳಿದಿತ್ತು. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದ ಮಕ್ಕಳಿಗೆ ಶೇ 5 ಮೀಸಲು ಇಟ್ಟಿರುವುದು ಒಂದರಿಂದ ಹತ್ತನೇ ತರಗತಿಯವರೆಗೆ ಅವರು ಓದಿದ ಶಾಲೆಯ ಹಿನ್ನೆಲೆಯನ್ನು ಗೌರವಿಸಿ. ಆ ಹತ್ತು ವರ್ಷಗಳಲ್ಲಿ ಕೊನೆಯ ಮೂರನ್ನು ಪ್ರವೇಶ ಪರೀಕ್ಷೆಯ ಅಖಾಡಕ್ಕೆ ಎಳೆದರೆ ಅಂಥ ಮೀಸಲಾತಿ ಸರಿದೂಗಿಸಬೇಕಾದ ಅಂತರವೇ ಕೈಮೀರಿ ಬೆಳೆಯುತ್ತದೆ.

ಶಿಸ್ತು ಬರುತ್ತದೆ, ಕಷ್ಟಪಟ್ಟು ಓದುವ ಅಭ್ಯಾಸವಾಗುತ್ತದೆ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತೂವರೆಯವರೆಗೆ ಕೂರಿಸುವ ವಸತಿ ಶಾಲೆಯ ಗಂಟೆಗೆ ಮಣಿಯುವುದನ್ನು ಮಗು ಕಲಿಯುತ್ತದೆ. ಗಂಟೆ ಬಾರಿಸುವವರು ಇಲ್ಲದ ಕಾಲೇಜಿಗೆ ಹೋದಾಗ ಆ ಶಿಸ್ತು ಜೊತೆಗೆ ಬರುವುದಿಲ್ಲ. ಈ ವಯಸ್ಸಿನ ದೇಹಕ್ಕೆ ಎಂಟು ಗಂಟೆಯಾದರೂ ನಿದ್ದೆ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮಕ್ಕಳನ್ನು ವೈದ್ಯರನ್ನಾಗಿಸಲು ಹೊರಟವರು ಆ ಶಾಸ್ತ್ರದ ಇಷ್ಟು ಮಾತನ್ನಾದರೂ ಕೇಳಬೇಡವೇ? ವಿಜ್ಞಾನದಲ್ಲಿ ನಿಜವಾಗಿಯೂ ಮುಂದಿರುವ, ತರಗತಿಯ ಪಾಠ ಸಾಲದ ಮಗುವಿನ ಮಾತು ಬೇರೆ. ಆ ಮಗುವಿಗೆ ಗಣಿತ, ವಿಜ್ಞಾನದ ಒಲಿಂಪಿಯಾಡ್‌ಗಳಿವೆ. ಬಾಯಿಪಾಠದಿಂದ ದಾಟಲಾಗದ, ಒಂದೇ ಲೆಕ್ಕದ ಮುಂದೆ ದಿನವಿಡೀ ಕೂರಿಸುವ ಪ್ರಶ್ನೆಗಳು ಅಲ್ಲಿ ಸಿಗುತ್ತವೆ. ಒಂದು ಪ್ರಶ್ನೆಗೆ ಒಂದು ನಿಮಿಷ ಎಂದು ಅಭ್ಯಾಸ ಮಾಡಿಸುವ ಫೌಂಡೇಶನ್ ಬ್ಯಾಚು ಅಂಥ ಮಗುವಿನ ಕುತೂಹಲವನ್ನು ಎಲ್ಲರಿಗಿಂತ ಬೇಗ ಕೊಲ್ಲುತ್ತದೆ.

ತಂದೆತಾಯಿಯರ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಸರ್ಕಾರಿ ಮೆಡಿಕಲ್ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಶುಲ್ಕದ ಅಂತರ ಒಂದು ಮಧ್ಯಮ ವರ್ಗದ ಕುಟುಂಬದ ಜೀವಮಾನದ ಉಳಿತಾಯವನ್ನೇ ನುಂಗುತ್ತದೆ; ಆ ಭಯಕ್ಕೆ ಕಾರಣವಿದೆ. ಆದರೆ ಎಂಜಿನಿಯರಿಂಗ್‌ಗೂ ಅದೇ ಭಯವನ್ನು ಹಬ್ಬಿಸಲಾಗಿದೆ, ಅಲ್ಲಿ ಅದಕ್ಕೆ ಬುಡವಿಲ್ಲ. ಕರ್ನಾಟಕದಲ್ಲಿ ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ಮುಗಿದ ಮೇಲೂ ಸಾವಿರಾರು ಎಂಜಿನಿಯರಿಂಗ್ ಸೀಟು ಖಾಲಿ ಉಳಿಯುತ್ತವೆ. ಕಂಪ್ಯೂಟರ್ ಸೈನ್ಸ್, ಅದೂ ಬೆಂಗಳೂರಿನ ನಾಲ್ಕಾರು ಕಾಲೇಜುಗಳಲ್ಲೇ ಬೇಕು ಎಂದು ಎಲ್ಲರೂ ಮುಗಿಬೀಳುವುದರಿಂದ ಹುಟ್ಟಿದ ಅಭಾವವಿದು. ಹದಿಮೂರು ವರ್ಷದ ಮಗುವಿನ ಸಂಜೆಗಳನ್ನು ಅದಕ್ಕೆ ತೆರಬೇಕಾಗಿಲ್ಲ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಚಿಂಗ್ ಸಂಸ್ಕೃತಿಯಿಂದ ಹಾನಿಯಾಗುತ್ತಿದೆ ಎಂದು ನೇರವಾಗಿಯೇ ಬರೆದಿದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, 16 ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲಷ್ಟೇ ಸೇರಿಸಿಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಆದರೆ ಆ ಮಾತು ಕೋಚಿಂಗ್ ಕೇಂದ್ರಗಳಿಗೆ ಅನ್ವಯಿಸುತ್ತದೆ. ಶಾಲೆಯೇ ಕೋಚಿಂಗ್ ಕೇಂದ್ರವಾದಾಗ, ‘ಇಂಟಿಗ್ರೇಟೆಡ್’ ಎಂಬ ಹೆಸರಿನಲ್ಲಿ ಶಾಲೆಯ ಅವಧಿಯೊಳಗೇ, ಶಾಲೆಯ ಶುಲ್ಕದ ಜೊತೆಗೇ ನೀಟ್ ಪಾಠ ನಡೆದಾಗ ಅದನ್ನು ತಡೆಯುವವರಿಲ್ಲ. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಹೈಸ್ಕೂಲಿನಲ್ಲಿ ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಪಿರಿಯಡ್ ಎಂದು ಶಿಕ್ಷಣ ಇಲಾಖೆ ನಿಗದಿ ಮಾಡಿದೆ, ಅದರಲ್ಲಿ ದೈಹಿಕ ಶಿಕ್ಷಣವೂ ಇದೆ. ಶಾಲೆಯ ಮಾನ್ಯತೆ ನವೀಕರಣಕ್ಕೆ ಅರ್ಜಿ ಬಂದಾಗ ಕಟ್ಟಡದ ಪ್ರಮಾಣಪತ್ರ, ಅಗ್ನಿಸುರಕ್ಷತೆಯ ಪತ್ರ ಕೇಳುವ ಅಧಿಕಾರಿಗಳು ಎಂಟು, ಒಂಬತ್ತು, ಹತ್ತನೇ ತರಗತಿಯ ನಿಜವಾದ ವೇಳಾಪಟ್ಟಿಯನ್ನೂ ಕೇಳಬೇಕು, ಆಟದ ಪಿರಿಯಡ್ಡಿನಲ್ಲಿ ಹೋಗಿ ಮೈದಾನದಲ್ಲಿ ಯಾರಿದ್ದಾರೆಂದು ನೋಡಬೇಕು. ದಾಖಲಾತಿಗೆ ಬಂದ ತಂದೆತಾಯಿಯರೂ ಹೋದ ವರ್ಷದ ರ್‍ಯಾಂಕ್ ಪಟ್ಟಿ ಕೇಳುವ ಮೊದಲು ಅದೇ ವೇಳಾಪಟ್ಟಿಯನ್ನು ಕೇಳಲಿ. ವಾರದಲ್ಲಿ ಪ್ರಯೋಗಶಾಲೆಯ ಬಾಗಿಲು ಎಷ್ಟು ಸಲ ತೆರೆಯುತ್ತದೆ, ಮಕ್ಕಳು ಮನೆಗೆ ಒಯ್ಯಬಹುದಾದ ಕನ್ನಡ ಪುಸ್ತಕಗಳು ಗ್ರಂಥಾಲಯದಲ್ಲಿ ಎಷ್ಟಿವೆ, ಸಂಜೆ ನಾಲ್ಕೂವರೆಯ ನಂತರ ಒಂಬತ್ತನೇ ತರಗತಿಯ ಮಕ್ಕಳು ಎಲ್ಲಿರುತ್ತಾರೆ ಎಂದು ವಿಚಾರಿಸಲಿ.